ಎರಡು ಯುಪಿಎಸ್ ಇದ್ದರೆ ಸರ್ವರ್ ನಿಲ್ಲುವುದೇ ಇಲ್ಲವೇ? ಜೋಡಿ ವಿದ್ಯುತ್ ವ್ಯವಸ್ಥೆಯ ನಿಜಾಂಶ

"ಸರ್ವರ್ ಡೌನ್ ಇದೆ, ನಾಳೆ ಬನ್ನಿ." ನಾಡಕಚೇರಿ, ನ್ಯಾಯಬೆಲೆ ಅಂಗಡಿ, ಬ್ಯಾಂಕ್, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಹೀಗೆ ಎಲ್ಲಾದರೂ ಒಂದು ಕಡೆ ಈ ಮಾತು ಕೇಳದವರು ಕಡಿಮೆ. ಸರ್ವರ್ ನಿಲ್ಲಲು ಸಾಫ್ಟ್‌ವೇರ್ ದೋಷ, ಇಂಟರ್ನೆಟ್ ಕಡಿತ, ಒಮ್ಮೆಲೇ ಹೆಚ್ಚು ಜನ ಬಳಸುವುದು ಮುಂತಾದ ಹಲವು ಕಾರಣಗಳಿವೆ. ಆದರೆ ನರ್ಸಿಂಗ್ ಹೋಮ್, ಲ್ಯಾಬ್, ಕಾಲೇಜು, ಸಹಕಾರ ಸಂಘದಂಥ ಕಡೆ ಇರುವ ಸಣ್ಣ ಸರ್ವರ್ ಕೋಣೆಗಳಲ್ಲಿ ಕಾರಣ ಬಹಳ ಸಲ ಸರಳವಾಗಿರುತ್ತದೆ. ಅದು ಕರೆಂಟ್.

ಇದಕ್ಕೆ ಪರಿಹಾರವಾಗಿ ಎಲ್ಲರೂ ಹೇಳುವ ಮಾತು ಒಂದೇ: "ಎರಡು ಯುಪಿಎಸ್ ಹಾಕಿಸಿ, ಆಮೇಲೆ ಚಿಂತೆ ಇಲ್ಲ." ಇದು ಎಷ್ಟು ನಿಜ?

ಒಂದೇ ಮಾತಿನಲ್ಲಿ ಉತ್ತರ: ಅರ್ಧ ನಿಜ. ಸಾಧನ ಎರಡಿದ್ದರೆ ಸಾಲದು, ದಾರಿ ಎರಡಿರಬೇಕು. ಆ ಎರಡು ದಾರಿಗಳು ಎಲ್ಲೂ ಕೂಡಬಾರದು. ಒಂದು ನಿಂತಾಗ ಇನ್ನೊಂದು ಪೂರ್ತಿ ಹೊರೆ ಹೊರಬೇಕು. ಒಂದು ಕೆಟ್ಟಿದೆ ಎಂಬುದು ತಕ್ಷಣ ಯಾರಿಗಾದರೂ ಗೊತ್ತಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಎರಡನೇ ಯುಪಿಎಸ್‌ಗೆ ಕೊಟ್ಟ ಹಣ ದಂಡ.

ಮೊದಲು, ಕರೆಂಟ್ ಎಲ್ಲಿಂದ ಬರುತ್ತದೆ?

ಶಿವಮೊಗ್ಗದ ಸವಳಂಗ ರಸ್ತೆಯನ್ನೇ ತೆಗೆದುಕೊಳ್ಳೋಣ. ನಗರದಿಂದ ನವುಲೆ ದಾಟಿ ಸವಳಂಗದ ಕಡೆಗೆ ಹೋಗುವ ಈ ರಸ್ತೆಯಲ್ಲಿ ಆಸ್ಪತ್ರೆ, ಕ್ಲಿನಿಕ್, ಬ್ಯಾಂಕ್, ಅಂಗಡಿಗಳಿವೆ. 1980ರಲ್ಲಿ ಶುರುವಾದ ಜವಾಹರಲಾಲ್ ನೆಹರು ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು ಇರುವುದೂ ಇದೇ ರಸ್ತೆಯಲ್ಲಿ. ಇಂಥ ರಸ್ತೆಯಲ್ಲಿ ಒಂದು ಸಣ್ಣ ಆಸ್ಪತ್ರೆ ಇದೆ ಎಂದು ಊಹಿಸಿಕೊಳ್ಳಿ. ಅಲ್ಲೊಂದು ಕಪಾಟಿನಂಥ ರ್‍ಯಾಕ್, ಅದರೊಳಗೆ ಎರಡು ಸರ್ವರ್, ಒಂದು ಸ್ಟೋರೇಜ್, ಎರಡು ನೆಟ್‌ವರ್ಕ್ ಸ್ವಿಚ್, ಇಂಟರ್ನೆಟ್‌ನ ರೂಟರ್. ರೋಗಿಯ ಹಳೆಯ ದಾಖಲೆ, ಲ್ಯಾಬ್ ರಿಪೋರ್ಟ್, ಔಷಧಿಯ ಲೆಕ್ಕ, ಡಿಸ್ಚಾರ್ಜ್ ಬಿಲ್ ಎಲ್ಲವೂ ಅದರಲ್ಲೇ. ರಾತ್ರಿ ಎರಡು ಗಂಟೆಗೆ ತುರ್ತು ರೋಗಿ ಬಂದಾಗ ಆತನಿಗೆ ಯಾವ ಔಷಧಿ ಅಲರ್ಜಿ ಎಂದು ವೈದ್ಯರು ನೋಡಬೇಕಾದದ್ದೂ ಅಲ್ಲೇ.

"ನಮ್ಮದು ಕರೆಂಟ್ ಹುಟ್ಟುವ ಜಿಲ್ಲೆ, ಇಲ್ಲಿ ಯಾಕೆ ಕರೆಂಟ್ ಹೋಗಬೇಕು?" ಎಂಬ ಪ್ರಶ್ನೆ ಶಿವಮೊಗ್ಗದವರಲ್ಲಿ ಸಹಜ. ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ 1948ರಿಂದ ಕೆಲಸ ಮಾಡುತ್ತಿದೆ. ಲಿಂಗನಮಕ್ಕಿಯ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಆದರೆ ಅಲ್ಲಿ ಹುಟ್ಟಿದ ವಿದ್ಯುತ್ ನೇರವಾಗಿ ಪಕ್ಕದ ಊರಿಗೆ ಬರುವುದಿಲ್ಲ. ಅದು ಹೆಚ್ಚು ವೋಲ್ಟೇಜ್‌ನ ತಂತಿಯಲ್ಲಿ ರಾಜ್ಯದ ಜಾಲಕ್ಕೆ ಸೇರುತ್ತದೆ. ಅಲ್ಲಿಂದ ವಿದ್ಯುತ್ ಕೇಂದ್ರಕ್ಕೆ, ಅಲ್ಲಿಂದ 11 ಸಾವಿರ ವೋಲ್ಟ್‌ನ ಫೀಡರ್ ಮೂಲಕ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ, ಅಲ್ಲಿಂದ ಕಟ್ಟಡಕ್ಕೆ. ಬೀದಿಯವರೆಗಿನ ಈ ವಿತರಣೆ ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಮೆಸ್ಕಾಂನ ಹೊಣೆ. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೆಚ್ಚಾಗಿ ಈ ಕೊನೆಯ ಕೆಲವು ಕಿಲೋಮೀಟರ್‌ಗಳಲ್ಲಿ: ಮರದ ಕೊಂಬೆ ತಂತಿಗೆ ಬಿದ್ದಾಗ, ಕಂಬ ವಾಲಿದಾಗ, ಫ್ಯೂಸ್ ಹೋದಾಗ. ಜೋಗದಲ್ಲಿ ಎಷ್ಟು ನೀರಿದ್ದರೂ ಆ ಕೊಂಬೆಗೆ ಸಂಬಂಧವಿಲ್ಲ.

ನಂಬಿಕೆ 1: ಸರ್ವರ್‌ಗೆ ಎರಡು ಪವರ್ ಕೇಬಲ್ ಇದೆ, ಅಷ್ಟು ಸಾಕು

ವಾಸ್ತವ: ಒಳ್ಳೆಯ ಸರ್ವರ್‌ಗಳ ಹಿಂಭಾಗದಲ್ಲಿ ಎರಡು ಪವರ್ ಸಪ್ಲೈ ಇರುತ್ತವೆ. ಮಾಮೂಲಿ ದಿನಗಳಲ್ಲಿ ಎರಡೂ ಸುಮಾರಾಗಿ ಅರ್ಧರ್ಧ ಹೊರೆ ಹೊರುತ್ತವೆ. ಒಂದು ಸತ್ತರೆ ಇನ್ನೊಂದು ಪೂರ್ತಿ ಹೊರುತ್ತದೆ, ಸರ್ವರ್ ನಿಲ್ಲುವುದಿಲ್ಲ. ವಿನ್ಯಾಸ ಚೆನ್ನಾಗಿಯೇ ಇದೆ.

ಆದರೆ ಆ ಎರಡೂ ಕೇಬಲ್‌ಗಳನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಚುಚ್ಚಿದರೆ? ಆ ಬೋರ್ಡಿನ ಸ್ವಿಚ್‌ಗೆ ಯಾರದೋ ಕಾಲು ತಾಗಿದರೆ ಎರಡೂ ಹೋದವು. ಬೇರೆ ಬೇರೆ ಬೋರ್ಡ್ ಇಟ್ಟು, ಎರಡನ್ನೂ ಒಂದೇ ಯುಪಿಎಸ್‌ಗೆ ಕೊಟ್ಟರೆ? ಯುಪಿಎಸ್ ಕೆಟ್ಟರೆ ಎರಡೂ ಹೋದವು. ಎರಡು ಯುಪಿಎಸ್ ಇಟ್ಟು, ಎರಡನ್ನೂ ಒಂದೇ ಎಂಸಿಬಿಗೆ ಕೊಟ್ಟರೆ? ಆ ಎಂಸಿಬಿ ಬಿದ್ದಾಗ ಎರಡೂ ಯುಪಿಎಸ್ ಒಟ್ಟಿಗೆ ಬ್ಯಾಟರಿಗೆ ಹೋಗುತ್ತವೆ, ಸುಮಾರು ಒಂದೇ ಹೊತ್ತಿಗೆ ಖಾಲಿಯಾಗುತ್ತವೆ.

ಒಂದೇ ಬಾವಿಗೆ ಎರಡು ಪಂಪ್ ಇಟ್ಟಂತೆ ಇದು. ಪಂಪ್ ಕೆಟ್ಟಾಗ ಉಪಯೋಗಕ್ಕೆ ಬರುತ್ತದೆ, ಬಾವಿ ಬತ್ತಿದಾಗ ಬರುವುದಿಲ್ಲ.

ಹಾಗಾಗಿ ಮಾಡಬೇಕಾದ ಕೆಲಸ ಇಷ್ಟು: ಸರ್ವರ್‌ನ ಒಂದು ಕೇಬಲ್ ಹಿಡಿದು ಹಿಂದಕ್ಕೆ ಹೋಗಿ. ಯಾವ ಬೋರ್ಡ್, ಯಾವ ಯುಪಿಎಸ್, ಯಾವ ಎಂಸಿಬಿ, ಯಾವ ಫೇಸ್, ಯಾವ ಮೀಟರ್ ಎಂದು ಬರೆಯುತ್ತಾ ಹೋಗಿ. ಇದು 'ಎ' ದಾರಿ. ಇನ್ನೊಂದು ಕೇಬಲ್‌ನದೂ ಹಾಗೇ ಬರೆಯಿರಿ, ಅದು 'ಬಿ' ದಾರಿ. ಎರಡು ಪಟ್ಟಿಯಲ್ಲಿ ಎಲ್ಲಿ ಒಂದೇ ಹೆಸರು ಬರುತ್ತದೋ ಅಲ್ಲೇ ನಿಮ್ಮ ದುರ್ಬಲ ಜಾಗ.

ನಂಬಿಕೆ 2: ಎರಡೂ ಯುಪಿಎಸ್ ಅರ್ಧ ಲೋಡ್‌ನಲ್ಲಿವೆ, ಆರಾಮಾಗಿವೆ

ವಾಸ್ತವ: ಇಲ್ಲೇ ಹೆಚ್ಚು ಜನ ಎಡವುವುದು. ಲೆಕ್ಕ ಹಾಕಿ ನೋಡೋಣ.

ನಾವು ಊಹಿಸಿಕೊಂಡ ರ್‍ಯಾಕ್‌ನಲ್ಲಿ ಸರ್ವರ್ ತಲಾ 350 ವ್ಯಾಟ್‌ನಂತೆ 700, ಸ್ಟೋರೇಜ್ 180, ಎರಡು ಸ್ವಿಚ್ ಸೇರಿ 100, ರೂಟರ್ ಮತ್ತು ಫೈಬರ್ ಪೆಟ್ಟಿಗೆ 20 ಎಂದುಕೊಳ್ಳಿ. ಒಟ್ಟು 1000 ವ್ಯಾಟ್.

ಇದಕ್ಕೆ 1 ಕೆವಿಎಯ ಎರಡು ಯುಪಿಎಸ್ ತಂದರು. ಅವುಗಳ ಪವರ್ ಫ್ಯಾಕ್ಟರ್ 0.9 ಆದರೆ ಒಂದೊಂದು ಕೊಡಬಲ್ಲದ್ದು 900 ವ್ಯಾಟ್. ಮಾಮೂಲಿ ದಿನ ತಲಾ 500 ವ್ಯಾಟ್ ಹೊರುತ್ತವೆ. ಪರದೆಯಲ್ಲಿ ಶೇ. 56 ಎಂದು ಕಾಣುತ್ತದೆ, ನೋಡಿದವರಿಗೆ ಸಮಾಧಾನ. ಒಂದು ದಿನ ಒಂದು ಯುಪಿಎಸ್ ಕೆಟ್ಟಿತು. ಪೂರ್ತಿ 1000 ವ್ಯಾಟ್ ಇನ್ನೊಂದರ ತಲೆಗೆ ಬಂತು. ಅದರ ಶಕ್ತಿ 900. ಓವರ್‌ಲೋಡ್ ಆಗಿ ಅದೂ ನಿಂತಿತು. ಒಂದು ಕೆಟ್ಟಿದ್ದಕ್ಕೆ ಎರಡೂ ಹೋದವು.

ಅದೇ ಜಾಗದಲ್ಲಿ 2 ಕೆವಿಎಯ ಎರಡು ಇದ್ದಿದ್ದರೆ ಒಂದೊಂದರ ಶಕ್ತಿ 1800 ವ್ಯಾಟ್. ಮಾಮೂಲಿ ದಿನ ಶೇ. 28, ಒಂದು ಕೆಟ್ಟ ದಿನ ಇನ್ನೊಂದಕ್ಕೆ ಶೇ. 56. ಎರಡೂ ಪರವಾಗಿಲ್ಲ.

ನೆನಪಿಡಲು ಸುಲಭ ಸೂತ್ರ: ಜೋಡಿ ವ್ಯವಸ್ಥೆಯಲ್ಲಿ ಯಾವ ಯುಪಿಎಸ್ ಕೂಡ ಮಾಮೂಲಿ ದಿನ ಶೇ. 40 ಮೀರಬಾರದು. ಆಗ ಒಂದು ನಿಂತರೆ ಇನ್ನೊಂದು ಶೇ. 80ರ ಒಳಗೆ ಉಳಿಯುತ್ತದೆ. ಇದೇ ಸೂತ್ರ ವೈರ್, ಎಂಸಿಬಿ, ಬೋರ್ಡ್ ಎಲ್ಲದಕ್ಕೂ ಅನ್ವಯಿಸುತ್ತದೆ. "ಅರ್ಧ ಖಾಲಿ ಇದೆಯಲ್ಲ" ಎಂದು ಅದಕ್ಕೆ ಪ್ರಿಂಟರ್, ಫ್ಯಾನ್ ಚುಚ್ಚಬೇಡಿ. ಅದು ಖಾಲಿ ಜಾಗವಲ್ಲ, ಇನ್ನೊಬ್ಬನಿಗಾಗಿ ಕಾಯ್ದಿಟ್ಟ ಜಾಗ.

ನಂಬಿಕೆ 3: ಮನೆಯ ಇನ್ವರ್ಟರ್ ಇದ್ದರೂ ಆಗುತ್ತದೆ

ವಾಸ್ತವ: ಫ್ಯಾನ್, ಬಲ್ಬ್‌ಗೆ ಆಗುತ್ತದೆ. ಸರ್ವರ್‌ಗೆ ಲೆಕ್ಕ ಬೇರೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದು, ಒಂದು ಆವರ್ತನಕ್ಕೆ 20 ಮಿಲಿಸೆಕೆಂಡ್. ಕರೆಂಟ್ ಪೂರ್ತಿ ಹೋದ ಮೇಲೆ ಕಂಪ್ಯೂಟರ್‌ನ ಪವರ್ ಸಪ್ಲೈ ತನ್ನೊಳಗಿನ ಕೆಪಾಸಿಟರ್ ಬಲದಿಂದ ತಡೆದುಕೊಳ್ಳುವುದು ಸುಮಾರು 10ರಿಂದ 20 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಬೇರೆ ಮೂಲದಿಂದ ವಿದ್ಯುತ್ ಸಿಗಬೇಕು. ಕರೆಂಟ್ ಹೋದಾಗ ಮನೆಯಲ್ಲಿ ಬಲ್ಬ್ ಮಿಣುಕಿ ಹತ್ತುವ ಆ ಕ್ಷಣ ಇದಕ್ಕಿಂತ ಉದ್ದ ಇರಬಹುದು.

ಲೈನ್ ಇಂಟರಾಕ್ಟಿವ್ ಯುಪಿಎಸ್‌ಗಳು ಸಾಮಾನ್ಯವಾಗಿ 10 ಮಿಲಿಸೆಕೆಂಡ್‌ನೊಳಗೆ ಬದಲಾಗುತ್ತವೆ. ಆನ್‌ಲೈನ್ ಯುಪಿಎಸ್‌ನಲ್ಲಿ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ವಿಳಂಬವೇ ಇಲ್ಲ, ಏಕೆಂದರೆ ಅದರ ಇನ್ವರ್ಟರ್ ಸದಾ ಓಡುತ್ತಲೇ ಇರುತ್ತದೆ. ವೋಲ್ಟೇಜ್ ಏರಿಳಿತ ಹೆಚ್ಚಿರುವ ಕಡೆ ಸರ್ವರ್‌ಗೆ ಆನ್‌ಲೈನ್ ಯುಪಿಎಸ್ಸೇ ಸೂಕ್ತ. ಜನರೇಟರ್ ತಾನಾಗಿ ಶುರುವಾಗಿ ಹೊರೆ ಹೊರಲು ಹತ್ತು ಸೆಕೆಂಡ್‌ಗೂ ಹೆಚ್ಚು ಹಿಡಿಯಬಹುದು. ಆದ್ದರಿಂದ ಜನರೇಟರ್ ಇದ್ದರೂ ಯುಪಿಎಸ್ ಬೇಕೇ ಬೇಕು.

ನಂಬಿಕೆ 4: ಬ್ಯಾಟರಿ ಮೇಲೆ ಬರೆದಿರುವಷ್ಟು ಹೊತ್ತು ಓಡುತ್ತದೆ

ವಾಸ್ತವ: 12 ವೋಲ್ಟ್, 9 ಆಂಪಿಯರ್ ಅವರ್‌ನ ಆರು ಬ್ಯಾಟರಿ ಇದ್ದರೆ ಕಾಗದದ ಮೇಲೆ 648 ವ್ಯಾಟ್ ಅವರ್. 1000 ವ್ಯಾಟ್ ಹೊರೆಗೆ 39 ನಿಮಿಷ ಬರಬೇಕು ಅನ್ನಿಸುತ್ತದೆ. ಆದರೆ ಸೀಸದ ಬ್ಯಾಟರಿಯಿಂದ ಬೇಗ ಬೇಗ ಕರೆಂಟ್ ಎಳೆದರೆ ಅದು ಬರೆದಷ್ಟು ಕೊಡುವುದಿಲ್ಲ. ಹೊಸದಿದ್ದಾಗಲೇ ಸಿಗುವುದು ಅದರ ಅರ್ಧದ ಆಸುಪಾಸು. ಹಳೆಯದಾದಂತೆ ಇನ್ನೂ ಕಡಿಮೆ.

ಬಿಸಿ ಇವುಗಳ ಶತ್ರು. 25 ಡಿಗ್ರಿಗಿಂತ ಉಷ್ಣತೆ ಪ್ರತಿ 8ರಿಂದ 10 ಡಿಗ್ರಿ ಏರಿದರೆ ಇವುಗಳ ಆಯಸ್ಸು ಸುಮಾರು ಅರ್ಧವಾಗುತ್ತದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಗಾಳಿ ಆಡದ ಕಡೆ ಯುಪಿಎಸ್ ಇಟ್ಟರೆ ಬೇಸಿಗೆಯಲ್ಲೇ ಬ್ಯಾಟರಿ ಸೊರಗಿ, ಮಳೆಗಾಲದಲ್ಲಿ ಬೇಕಾದಾಗ ಕೈಕೊಡುತ್ತದೆ. ಇನ್ನೊಂದು ವಿಷಯ, ಎರಡೂ ಯುಪಿಎಸ್‌ನ ಬ್ಯಾಟರಿ ಒಂದೇ ದಿನ ತಂದದ್ದಾದರೆ ಎರಡೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮುದಿಯಾಗುತ್ತವೆ. ಸಾಧ್ಯವಾದರೆ ಬದಲಿಸುವ ವರ್ಷ ಹಿಂದೆಮುಂದೆ ಇರಲಿ.

ಎರಡು ದಾರಿಯ ಲಾಭ ನಿಜಕ್ಕೂ ಎಷ್ಟು?

ಒಂದು ದಾರಿ ವರ್ಷದಲ್ಲಿ ಶೇ. 99ರಷ್ಟು ಹೊತ್ತು ಸರಿ ಇರುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ, ಆದರೆ ವರ್ಷಕ್ಕೆ 87 ಗಂಟೆಗೂ ಹೆಚ್ಚು ಕತ್ತಲೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಇಂಥ ಎರಡು ದಾರಿ ಇದ್ದರೆ, ಎರಡೂ ಒಂದೇ ಹೊತ್ತಿಗೆ ಹೋಗುವ ಸಂಭವ ನೂರರಲ್ಲಿ ಒಂದರ ನೂರರಲ್ಲಿ ಒಂದು. ಅಂದರೆ ವರ್ಷಕ್ಕೆ ಸುಮಾರು 53 ನಿಮಿಷ. 87 ಗಂಟೆಯಿಂದ 53 ನಿಮಿಷಕ್ಕೆ ಇಳಿಯುವುದು ಸಣ್ಣ ಮಾತಲ್ಲ.

ಆದರೆ "ಒಂದಕ್ಕೊಂದು ಸಂಬಂಧವೇ ಇಲ್ಲದ" ಎಂಬ ಷರತ್ತು ಗಮನಿಸಿ. ಎರಡೂ ದಾರಿ ಒಂದೇ ಕಂಬದಿಂದ ಬಂದರೆ, ಆ ಕಂಬದ ಮಟ್ಟಿಗೆ ನಿಮಗಿರುವುದು ಒಂದೇ ದಾರಿ. ಕಟ್ಟಡಕ್ಕೆ ಎರಡು ಮೀಟರ್ ಇದ್ದ ಮಾತ್ರಕ್ಕೆ ಎರಡು ಮೂಲ ಆಗುವುದಿಲ್ಲ. ಇದನ್ನು ಪತ್ತೆ ಹಚ್ಚಲು ಸುಲಭ ಉಪಾಯವಿದೆ. ದುರಸ್ತಿ ಕೆಲಸಕ್ಕೆ ಮುಂಚೆ ಬಡಾವಣೆಗಳ ಹೆಸರಿನೊಂದಿಗೆ ಬರುವ 'ವಿದ್ಯುತ್ ವ್ಯತ್ಯಯ' ಪ್ರಕಟಣೆಗಳನ್ನು ಓದಿ. ಯಾವ ಜಾಗಗಳಲ್ಲಿ ಒಟ್ಟಿಗೆ ಕರೆಂಟ್ ಹೋಗುತ್ತದೆ ಎಂಬುದು ಅದರಲ್ಲೇ ಇರುತ್ತದೆ. ನಿಮ್ಮ ಫೀಡರ್ ಯಾವುದು ಎಂದು ಸ್ಥಳೀಯ ಮೆಸ್ಕಾಂ ಕಚೇರಿಯಲ್ಲಿ ಕೇಳಬಹುದು. ಎರಡನೇ ಫೀಡರ್ ಸಿಗದಿದ್ದರೆ ಜನರೇಟರೇ ನಿಮ್ಮ ನಿಜವಾದ ಎರಡನೇ ಮೂಲ. ಸಣ್ಣ ಸಂಸ್ಥೆಗಳಿಗೆ ಹೆಚ್ಚಾಗಿ ದಕ್ಕುವುದು ಇದೇ.

ದೊಡ್ಡವರಿಗೂ ಇದೇ ಪಾಠ

2025ರ ಮಾರ್ಚ್ 20ರ ರಾತ್ರಿ ಲಂಡನ್ನಿನ ನಾರ್ತ್ ಹೈಡ್ ವಿದ್ಯುತ್ ಕೇಂದ್ರಕ್ಕೆ ಬೆಂಕಿ ಬಿತ್ತು. ಮರುದಿನ ಹೀಥ್ರೂ ವಿಮಾನ ನಿಲ್ದಾಣ ಬಹುಪಾಲು ದಿನ ಮುಚ್ಚಿತ್ತು, 1300ಕ್ಕೂ ಹೆಚ್ಚು ವಿಮಾನಗಳಿಗೆ ತೊಂದರೆಯಾಯಿತು. ಆ ನಿಲ್ದಾಣಕ್ಕೆ ಬೇರೆ ಎರಡು ಕಡೆಯಿಂದಲೂ ವಿದ್ಯುತ್ ಸಂಪರ್ಕವಿತ್ತು. ಆದರೆ ಒಳಗಿನ ಜಾಲವನ್ನು ಅವುಗಳಿಗೆ ಬದಲಿಸಿ, ಎಲ್ಲ ವ್ಯವಸ್ಥೆಗಳನ್ನು ಮತ್ತೆ ಶುರು ಮಾಡಲು ಗಂಟೆಗಟ್ಟಲೆ ಬೇಕಾಯಿತು. ದಾರಿ ಇದ್ದರೆ ಸಾಲದು, ಬೇಕಾದ ಹೊತ್ತಿಗೆ ಅದು ತೆರೆದಿರಬೇಕು.

ಅದೇ ವರ್ಷ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ವೇಳೆ ಬೆಂಕಿ ಹೊತ್ತಿತು. 709 ಸರ್ಕಾರಿ ಆನ್‌ಲೈನ್ ವ್ಯವಸ್ಥೆಗಳು ನಿಂತವು. ಕರೆಂಟ್ ಹೋಗದಿರಲಿ ಎಂದು ಇಟ್ಟ ಬ್ಯಾಟರಿಯೇ ಅಪಾಯವಾಯಿತು. ಬ್ಯಾಟರಿ ಮತ್ತು ಸರ್ವರ್ ಒಂದೇ ಕೋಣೆಯಲ್ಲಿದ್ದರೆ ಬೆಂಕಿಯ ಮಟ್ಟಿಗೆ ಎರಡಕ್ಕೂ ಒಂದೇ ಗತಿ. ಅಷ್ಟೇ ಅಲ್ಲ, ವಿದ್ಯುತ್ ಜೋಡಿ ಇದ್ದರೂ ಡೇಟಾದ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲೇಬೇಕು.

ಮರೆತುಹೋಗುವ ನಾಲ್ಕು ಸಂಗತಿಗಳು

* ಒಂದೇ ಕೇಬಲ್‌ನ ಸಾಧನಗಳು: ಸರ್ವರ್‌ಗೆ ಎರಡು ಕೇಬಲ್ ಇದ್ದರೂ ಸಣ್ಣ ಸ್ವಿಚ್, ರೂಟರ್, ಫೈಬರ್ ಪೆಟ್ಟಿಗೆಗೆ ಒಂದೇ ಇರುತ್ತದೆ. ಸರ್ವರ್ ಓಡುತ್ತಿದ್ದರೂ ಸ್ವಿಚ್ ನಿಂತರೆ ಕೌಂಟರ್‌ನವರಿಗೆ ಎರಡೂ ಒಂದೇ. ಇಂಥವಕ್ಕೆ ಎರಡು ಕಡೆಯಿಂದ ಕರೆಂಟ್ ಪಡೆದು ತಾನಾಗಿ ಬದಲಿಸುವ ಎಟಿಎಸ್ ಪಟ್ಟಿ ಸಿಗುತ್ತದೆ. ಇಲ್ಲವೇ ಒಂದು ಸ್ವಿಚ್ ಎ ದಾರಿಗೆ, ಇನ್ನೊಂದು ಬಿ ದಾರಿಗೆ ಕೊಟ್ಟು, ಸರ್ವರ್‌ನಿಂದ ಎರಡಕ್ಕೂ ನೆಟ್‌ವರ್ಕ್ ಕೇಬಲ್ ಎಳೆಯಿರಿ.

* ಸೋರಿಕೆ ಮತ್ತು ಟ್ರಿಪ್: ಕಂಪ್ಯೂಟರ್ ಸಾಧನಗಳ ಪವರ್ ಸಪ್ಲೈನಿಂದ ಅರ್ತ್‌ಗೆ ತಲಾ ಒಂದೆರಡು ಮಿಲಿಆಂಪಿಯರ್ ಸಹಜವಾಗಿಯೇ ಹರಿಯುತ್ತದೆ. ಹತ್ತಾರು ಸಾಧನಗಳನ್ನು ಒಂದೇ 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ ಸೇರಿಸಿದರೆ ಏನೂ ಕೆಡದೆಯೇ ಅದು ಬೀಳಬಹುದು. ಆಗ ಅದನ್ನು ತೆಗೆದು ನೇರ ಸಂಪರ್ಕ ಕೊಡುವುದು ಪ್ರಾಣಕ್ಕೆ ಅಪಾಯ. ಸಾಧನಗಳನ್ನು ಬೇರೆ ಬೇರೆ ಸರ್ಕ್ಯೂಟ್‌ಗೆ ಹಂಚುವುದೇ ಸರಿ.

* ತಂಪು: 1000 ವ್ಯಾಟ್ ಬಳಸುವ ರ್‍ಯಾಕ್ 1000 ವ್ಯಾಟ್‌ನ ಹೀಟರ್ ಇದ್ದಂತೆ. ಕರೆಂಟ್ ಹೋದಾಗ ಯುಪಿಎಸ್ ಸರ್ವರನ್ನು ಓಡಿಸುತ್ತದೆ, ಎಸಿ ನಿಂತಿರುತ್ತದೆ. ಮುಚ್ಚಿದ ಸಣ್ಣ ಕೋಣೆ ಬೇಗ ಕಾಯುತ್ತದೆ. ಬ್ಯಾಟರಿ ದೀರ್ಘಕಾಲ ಬಾಳುವಂತೆ ಮಾಡಿ ಎಸಿ ಮರೆತರೆ ಸರ್ವರ್ ಬಿಸಿಯಿಂದಲೇ ನಿಲ್ಲುತ್ತದೆ.

* ಸಿಡಿಲು: ಮಲೆನಾಡಿನ ಏಪ್ರಿಲ್–ಮೇ ಮಳೆಯ ಗುಡುಗು ಸಿಡಿಲಿಗೆ ಯುಪಿಎಸ್ ಉತ್ತರವಲ್ಲ. ಮುಖ್ಯ ಬೋರ್ಡ್‌ನಲ್ಲಿ ಸರ್ಜ್ ರಕ್ಷಕ ಮತ್ತು ಸರಿಯಾದ ಅರ್ತಿಂಗ್ ಬೇಕು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆದರೆ ಸಿಡಿಲಿನ ಆಘಾತ ಆ ದಾರಿಯಲ್ಲೇ ಒಳಬರಬಹುದು. ಅಲ್ಲಿ ಲೋಹದ ಎಳೆ ಇಲ್ಲದ ಫೈಬರ್ ಬಳಸಿ.

ಹಣ ಕಡಿಮೆ ಇದ್ದರೆ ಯಾವುದು ಮೊದಲು?

1. ಎರಡು ಕೇಬಲ್‌ಗೆ ಎರಡು ಬೇರೆ ಬೋರ್ಡ್, ಎರಡು ಬೇರೆ ಎಂಸಿಬಿ. ಮೂರು ಫೇಸ್ ಇದ್ದರೆ ಬೇರೆ ಬೇರೆ ಫೇಸ್, ಏಕೆಂದರೆ ಒಂದೇ ಫೇಸ್ ಹೋಗುವುದು ನಮ್ಮಲ್ಲಿ ಮಾಮೂಲು. ಇದಕ್ಕೆ ಖರ್ಚು ಅತಿ ಕಡಿಮೆ.
2. ಪೂರ್ತಿ ಹೊರೆ ಹೊರಬಲ್ಲ ಒಂದು ಆನ್‌ಲೈನ್ ಯುಪಿಎಸ್. ಒಂದು ಕೇಬಲ್ ಅದಕ್ಕೆ, ಇನ್ನೊಂದು ಸರ್ಜ್ ರಕ್ಷಣೆ ಇರುವ ನೇರ ಕರೆಂಟ್‌ಗೆ. ಕರೆಂಟ್ ಹೋದರೆ ಯುಪಿಎಸ್ ಕಾಯುತ್ತದೆ, ಯುಪಿಎಸ್ ಕೆಟ್ಟರೆ ಕರೆಂಟ್ ಕಾಯುತ್ತದೆ.
3. ಅದೇ ಸಾಮರ್ಥ್ಯದ ಎರಡನೇ ಯುಪಿಎಸ್.
4. ತಾನಾಗಿ ಶುರುವಾಗುವ ಜನರೇಟರ್. ಇದನ್ನು ಎಂದೂ ಕೋಣೆಯೊಳಗೆ, ಮುಚ್ಚಿದ ನೆಲಮಾಳಿಗೆಯಲ್ಲಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ.

ವೈರಿಂಗ್ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಆಗಲಿ. ಎರಡು ಫೇಸ್‌ಗಳ ನಡುವೆ 400 ವೋಲ್ಟ್ ಇರುತ್ತದೆ. ಎರಡು ದಾರಿಯ ನ್ಯೂಟ್ರಲ್‌ಗಳನ್ನು ಯುಪಿಎಸ್ ದಾಟಿದ ಮೇಲೆ ಸೇರಿಸಬಾರದು. ರ್‍ಯಾಕ್ ಮೇಲೆ ದೊಡ್ಡದಾಗಿ ಬರೆಸಿ: "ಎರಡು ಕಡೆಯಿಂದ ಕರೆಂಟ್ ಇದೆ. ಒಂದು ಸ್ವಿಚ್ ಆಫ್ ಮಾಡಿದರೆ ಸಾಲದು." ಎರಡು ಕಡೆಯ ಕೇಬಲ್‌ಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಸಿ.

ಕೊನೆಯ ಮತ್ತು ಮುಖ್ಯ ಮಾತು: ಮೊದಲ ಸಾವು ಕಾಣುವುದಿಲ್ಲ

ಜೋಡಿ ವ್ಯವಸ್ಥೆಯ ದೊಡ್ಡ ಗುಣವೇ ಅದರ ದೊಡ್ಡ ಅಪಾಯ. ಒಂದು ಕೆಟ್ಟಾಗ ಏನೂ ನಿಲ್ಲುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಯುಪಿಎಸ್ ಒಂದು ಮೂಲೆಯಲ್ಲಿ ತಿಂಗಳುಗಟ್ಟಲೆ ಕೂಗುತ್ತಿರುತ್ತದೆ, "ಅದು ಹಾಗೇ ಬೀಪ್ ಮಾಡುತ್ತಿರುತ್ತೆ" ಎಂದು ಬಾಗಿಲು ಮುಚ್ಚುತ್ತಾರೆ. ಆ ದಿನದಿಂದ ನಿಮ್ಮದು ಒಂಟಿ ವ್ಯವಸ್ಥೆ. ಎರಡನೆಯದು ಕೆಟ್ಟಾಗ ಮಾತ್ರ "ಎರಡಿತ್ತಲ್ಲ, ಹೇಗೆ ನಿಂತಿತು?" ಎಂಬ ಪ್ರಶ್ನೆ ಏಳುತ್ತದೆ.

ಆದ್ದರಿಂದ ಯುಪಿಎಸ್ ಮತ್ತು ಸರ್ವರ್‌ನ ಎಚ್ಚರಿಕೆ ಸಂದೇಶ ಯಾರದಾದರೂ ಮೊಬೈಲ್‌ಗೆ ಬರುವಂತೆ ಮಾಡಿ. ಮೂರು ತಿಂಗಳಿಗೊಮ್ಮೆ, ಕೆಲಸ ಕಡಿಮೆ ಇರುವ ಹೊತ್ತು ನೋಡಿ, ಬ್ಯಾಕಪ್ ತೆಗೆದು, ಎಲ್ಲರಿಗೂ ಮೊದಲೇ ತಿಳಿಸಿ, ಎ ದಾರಿಯನ್ನು ಬೇಕೆಂದೇ ಆಫ್ ಮಾಡಿ. ಎಲ್ಲವೂ ಓಡುತ್ತಿದ್ದರೆ ಮತ್ತೆ ಆನ್ ಮಾಡಿ, ಅದು ಸರಿಯಾಗಿ ಮರಳಿದ ಮೇಲೆ ಬಿ ದಾರಿಗೂ ಹಾಗೇ ಮಾಡಿ. ಆಗ ನಿಂತರೆ ನಿಲ್ಲಲಿ. ನೀವು ಪಕ್ಕದಲ್ಲೇ ಇರುತ್ತೀರಿ, ಕೂಡಲೇ ಸರಿ ಮಾಡಬಹುದು.

ಗ್ರೂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ:

✔ ಎರಡು ಕೇಬಲ್ ಎಲ್ಲಾದರೂ ಒಂದೇ ಬೋರ್ಡ್, ಒಂದೇ ಎಂಸಿಬಿಗೆ ಸೇರುತ್ತಿವೆಯೇ?
✔ ಒಂದು ಯುಪಿಎಸ್ ಪೂರ್ತಿ ಹೊರೆ ಹೊರುತ್ತದೆಯೇ? ಮಾಮೂಲಿ ದಿನ ಶೇ. 40ರ ಒಳಗೆ ಇದೆಯೇ?
✔ ಸ್ವಿಚ್, ರೂಟರ್‌ಗೂ ಎರಡನೇ ದಾರಿ ಇದೆಯೇ?
✔ ಕರೆಂಟ್ ಹೋದಾಗ ಕೋಣೆ ತಂಪಾಗಿರಲು ಏನು ವ್ಯವಸ್ಥೆ?
✔ ಕೊನೆಯ ಸಲ ಒಂದು ದಾರಿ ಆಫ್ ಮಾಡಿ ನೋಡಿದ್ದು ಯಾವಾಗ?

ಕೊನೆಯ ಪ್ರಶ್ನೆಗೆ ಉತ್ತರ "ಹಾಕಿಸಿದ ದಿನ" ಅಥವಾ "ನೋಡೇ ಇಲ್ಲ" ಎಂದಾದರೆ, ಈ ಮಳೆಗಾಲಕ್ಕೆ ಮುಂಚೆ ಮಾಡಬೇಕಾದ ಮೊದಲ ಕೆಲಸ ಅದೇ.